ಕೊಪ್ಪರಿಗೆಯ ಮುಂದಿನ ಭಕ್ತಿ

ಕೇಳುಗ ಬಂಧುಗಳೇ, ನಮಸ್ಕಾರ.

ದೇವರನ್ನು ಪೂರ್ಣ ಹೃದಯದಿಂದ, ಪೂರ್ಣ ಪ್ರಾಣದಿಂದ, ಪೂರ್ಣ ಬುದ್ಧಿಯಿಂದ, ಪೂರ್ಣ ಶಕ್ತಿಯಿಂದ ಪ್ರೀತಿಸಬೇಕು ಎಂದರು ಯೇಸುಸ್ವಾಮಿ. ಮಾರ್ಕನ ಶುಭಸಂದೇಶದ 12ನೇ ಅಧ್ಯಾಯದಲ್ಲಿ ಈ ಮಾತಿದೆ. ನಮ್ಮ ಮನೆಗಳಲ್ಲಿ ಚಿಕ್ಕ ಮಕ್ಕಳಿಗೂ ಇದು ಬಾಯಿಪಾಠ.

ಭಾನುವಾರ ಮೈಸೂರಿನ ಸಂತ ಫಿಲೋಮಿನಾ ದೇವಾಲಯದಲ್ಲಿ ಮಂಡಿಯೂರಿದಾಗ ಈ ಪ್ರೀತಿ ಕಷ್ಟ ಅನ್ನಿಸುವುದಿಲ್ಲ. 175 ಅಡಿಯ ಆ ಜೋಡಿ ಗೋಪುರಗಳ ಕೆಳಗೆ ಯಾರ ಮನಸ್ಸಾದರೂ ಮೆತ್ತಗಾಗುತ್ತದೆ. ಆದರೆ ದುಡ್ಡು ಎಣಿಸುವ ಜಾಗದಲ್ಲೂ ಅದು ಉಳಿಯುತ್ತದಾ? ಅಲ್ಲೇ ಗೊತ್ತಾಗುವುದು.

ಮಂಡ್ಯದ ಕಡೆ ಯಾವುದಾದರೂ ಆಲೆಮನೆಗೆ ಹೋಗಿ ನೋಡಿ. ಗಾಣದಿಂದ ಬಂದ ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿಯುತ್ತಿರುತ್ತದೆ. ಒಲೆಗೆ ಒಣಗಿದ ಸಿಪ್ಪೆ ತುರುಕುತ್ತಾರೆ. ಕೊಳೆ ನೊರೆಯಾಗಿ ಮೇಲೆ ಬರಲಿ ಅಂತ ಹಿಂದಿನವರು ಬೆಂಡೆ ಗಿಡದ ಲೋಳೆ ಹಾಕುತ್ತಿದ್ದರು. ಆ ನೊರೆಯನ್ನು ಜಾಲರಿಯಲ್ಲಿ ತೆಗೆಯುತ್ತಾ ನಿಲ್ಲಬೇಕು. ಬೆವರು ಕಣ್ಣಿಗಿಳಿಯುತ್ತದೆ, ಕೈ ಸೋಲುತ್ತದೆ. ಇಷ್ಟೆಲ್ಲ ಮಾಡಿದರೂ ಬೆಲ್ಲ ಬರುವುದು ಕಂದು ಬಣ್ಣಕ್ಕೆ. ಮಾರುಕಟ್ಟೆಯಲ್ಲಿ ಜನ ಕೇಳುವುದು ಹಳದಿ ಬೆಲ್ಲ. ಅದಕ್ಕೆ ಸುಲಭದ ದಾರಿ ಒಂದಿದೆ: ಪಾಕಕ್ಕೆ ಹೈಡ್ರೋಸ್ ಅನ್ನುವ ರಾಸಾಯನಿಕ ಪುಡಿ ಹಾಕಿದರೆ ಬಣ್ಣ ತಿಳಿಯಾಗುತ್ತದೆ. ಆದರೆ ಅದರ ಗಂಧಕ ಬೆಲ್ಲದಲ್ಲಿ ಉಳಿದು ತಿನ್ನುವವರ ಹೊಟ್ಟೆ ಸೇರುತ್ತದೆ. ಆ ಬೆಲ್ಲದಲ್ಲೇ ಯಾವುದೋ ಮನೆಯ ತಾಯಿ ಮಗುವಿಗೆ ಪಾಯಸ ಮಾಡುತ್ತಾಳೆ.

ಕೊಪ್ಪರಿಗೆಯ ಮುಂದೆ ನಿಂತವನು ಕ್ರೈಸ್ತನಾಗಿದ್ದರೆ, ಅವನ ವಿಶ್ವಾಸದ ಮಾತು ಅಲ್ಲೇ ಶುರುವಾಗಬೇಕು. ಎಲ್ಲರೂ ಹಾಕುತ್ತಾರೆ, ನಾನೊಬ್ಬ ಬಿಟ್ಟರೆ ಏನಾಗುತ್ತೆ ಅನ್ನುವ ಮಾತು ಬಾಯಿಗೆ ಬೇಗ ಬರುತ್ತದೆ. ಕಂದು ಬೆಲ್ಲಕ್ಕೆ ರೇಟು ಕಮ್ಮಿ ಸಿಕ್ಕರೆ ಮನೆಯಲ್ಲಿ ಮಕ್ಕಳ ಫೀಸು ಕಾಯುತ್ತಿರುತ್ತದೆ. ಆ ಕಷ್ಟ ಸುಳ್ಳಲ್ಲ, ಅದನ್ನು ಹಗುರ ಮಾಡಿ ಮಾತಾಡುವ ಬೋಧನೆ ನನಗೆ ಹಿಡಿಸುವುದಿಲ್ಲ. ಆದರೂ ಆ ಹೈಡ್ರೋಸ್ ಡಬ್ಬಿಯ ಕಡೆ ಕೈ ಚಾಚದಿರುವುದು ಜಪಮಾಲೆ ಹಿಡಿದಷ್ಟೇ ದೊಡ್ಡ ಪ್ರಾರ್ಥನೆ ಎಂದು ನಾನು ನಂಬುತ್ತೇನೆ.

ಜಕ್ಕಾಯನ ಕಥೆ ನಿಮಗೆ ಗೊತ್ತಲ್ವಾ? ಜೆರಿಕೋ ಊರಿನ ಸುಂಕದವರ ಮುಖ್ಯಸ್ಥ, ಯೇಸುವನ್ನು ನೋಡಲು ಮರ ಹತ್ತಿದವನು. ಯೇಸು ಅವನ ಮನೆಗೆ ಬಂದರು. ಅವನು ಎದ್ದು ನಿಂತು ಆಡಿದ್ದು ಲೆಕ್ಕದ ಮಾತು. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ತೆಗೆದುಕೊಂಡಿದ್ದರೆ ಅದರ ನಾಲ್ಕರಷ್ಟು ವಾಪಸ್. ರಕ್ಷಣೆ ಈ ಮನೆಗೆ ಬಂದಿದೆ ಎಂದು ಯೇಸು ಹೇಳಿದ್ದು ಅದಾದ ಮೇಲೆ.

ನಮ್ಮ ನೆಲದಲ್ಲೇ ಇನ್ನೊಬ್ಬರಿದ್ದರು. ಫ್ರಾನ್ಸಿನಿಂದ ಬಂದ ಪಾದ್ರಿ ಅಬ್ಬೆ ದುಬಾಯ್. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿ ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ಬಂದವರು. ಇಲ್ಲಿನ ಉಡುಗೆ ತೊಟ್ಟರು, ಮಾಂಸ ಬಿಟ್ಟರು. ಜನ ಅವರನ್ನು ದೊಡ್ಡ ಸ್ವಾಮಿಯವರು ಎಂದು ಕರೆದರು. ಸಿಡುಬು ಊರೂರನ್ನೇ ನುಂಗುತ್ತಿದ್ದ ಕಾಲ ಅದು. ಲಸಿಕೆ ಎಂದರೆ ಜನ ಹೆದರುತ್ತಿದ್ದರು. 1803-04ರಲ್ಲಿ ಅವರ ಪ್ರಯತ್ನದಿಂದ 25 ಸಾವಿರಕ್ಕೂ ಹೆಚ್ಚು ಜನರಿಗೆ ಲಸಿಕೆ ಬಿತ್ತು. ಪೂಜೆ, ಪ್ರವಚನ ಮಾಡಿಕೊಂಡು ಸುಮ್ನೆ ಇದ್ದುಬಿಡಬಹುದಿತ್ತು. ಯಾರೂ ಕೇಳುತ್ತಿರಲಿಲ್ಲ.

ನನಗೆ ಇದಕ್ಕಿಂತಲೂ ಕಷ್ಟ ಅನ್ನಿಸುವುದು ಮನೆಯೊಳಗಿನ ಮಾತು. ನಮ್ಮ ಕಡೆ ನಾಲೆ ನೀರಿಗೆ, ಬದುವಿನ ಒಂದು ಗೇಣಿಗೆ ಅಣ್ಣತಮ್ಮಂದಿರು ವರ್ಷಗಟ್ಟಲೆ ಮಾತು ಬಿಡುತ್ತಾರೆ. ಇಬ್ಬರೂ ಒಂದೇ ದೇವಾಲಯಕ್ಕೆ ಬರುತ್ತಾರೆ, ಬೇರೆ ಬೇರೆ ಸಾಲಿನಲ್ಲಿ ಕೂರುತ್ತಾರೆ. ಮತ್ತಾಯನ 5ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಇಂಥವರಿಗೇ ಹೇಳಿದ್ದಾರೆ. ಕಾಣಿಕೆಯನ್ನು ಪೀಠದ ಮುಂದೆಯೇ ಬಿಡು, ಮೊದಲು ಹೋಗಿ ಸಹೋದರನೊಡನೆ ಒಂದಾಗು, ಆಮೇಲೆ ಬಂದು ಅರ್ಪಿಸು. ತಪ್ಪು ಯಾರದು ಅನ್ನುವ ಪಂಚಾಯಿತಿ ಅಲ್ಲಿಲ್ಲ. ಅವನಿಗೆ ನಿನ್ನ ಮೇಲೆ ಬೇಸರ ಇದೆ ಅನ್ನುವುದು ನೆನಪಾದರೆ ಸಾಕು, ಹೊರಡಬೇಕು.

ಈ ಭಾನುವಾರ ಬಲಿಪೂಜೆಗೆ ಹೊರಡುವ ಮುಂಚೆ ಅಂಥ ಒಂದು ಮನೆ ನಿಮಗೆ ನೆನಪಾದರೆ, ದಯವಿಟ್ಟು ಮೊದಲು ಅಲ್ಲಿಗೆ ಹೋಗಿ. ಪೂಜೆಗೆ ಸ್ವಲ್ಪ ತಡವಾದರೂ ಪರವಾಗಿಲ್ಲ. ನಮಸ್ಕಾರ.