ಹಲಸೂರಲ್ಲೊಂದು ಬಾಡಿಗೆ ಮನೆ

ನಮಸ್ಕಾರ. ಬೆಂಗಳೂರಲ್ಲಿ ಎಲ್ಲಿರೋದು ಅಂತ ಯಾರಾದ್ರೂ ಕೇಳಿದ್ರೆ ಹಲಸೂರು ಅಂತೀನಿ. ತಕ್ಷಣ, ಅಯ್ಯೋ ಎಂಜಿ ರೋಡ್ ಪಕ್ಕಾನಾ, ಬಾಡಿಗೆ ಸಖತ್ತಾಗಿರ್ಬೇಕಲ್ಲ ಅಂತಾರೆ. ಅವರ ತಲೇಲಿರೋದು ಕೆರೆ ಎದುರಿನ ಎತ್ತರದ ಅಪಾರ್ಟ್‌ಮೆಂಟು. ನಾನಿರೋದು ಬಜಾರ್ ಸ್ಟ್ರೀಟ್ ಹಿಂದಿನ ಗಲ್ಲಿ, ಎದುರಿಂದ ಆಟೋ ಬಂದ್ರೆ ನಾವು ಯಾರದೋ ಮನೆ ಮೆಟ್ಟಿಲು ಹತ್ತಿ ದಾರಿ ಬಿಡ್ಬೇಕು, ಅಂಥ ಗಲ್ಲಿ.

2011ರಲ್ಲಿ ತಿಪಟೂರಿಂದ ಬಂದೆ. ಒಂದು ರೂಮು, ಒಂದು ಅಡುಗೆಮನೆ, ಎರಡನೇ ಮಹಡಿ, ಬಾಡಿಗೆ ಐದೂವರೆ ಸಾವಿರ, ಹತ್ತು ತಿಂಗಳ ಅಡ್ವಾನ್ಸು. ಅಡ್ವಾನ್ಸ್ ಹೊಂದಿಸೋಕೆ ಅಮ್ಮನ ಬಳೆ ಅಡ ಇಟ್ಟಿದ್ದು ಬೇರೆ ಕತೆ ಬಿಡಿ. ಅದೇ ಅಕ್ಟೋಬರ್ 20ಕ್ಕೆ ಬೈಯಪ್ಪನಹಳ್ಳಿಯಿಂದ ಎಂಜಿ ರೋಡಿಗೆ ಮೆಟ್ರೋ ಶುರುವಾಯ್ತು, ಮಧ್ಯ ನಮ್ಮ ಹಲಸೂರು ಸ್ಟೇಷನ್ನು. ಇನ್ನು ಬಾಡಿಗೆ ಏರುತ್ತೆ, ಗಂಟುಮೂಟೆ ಕಟ್ಟೋದೇ ಅಂದ್ಕೊಂಡೆ. ಏರಿತು ನಿಜ, ಈಗ ಹನ್ನೊಂದು ಸಾವಿರ ಕೊಡ್ತಿದೀನಿ, ಆದ್ರೂ ಇಲ್ಲೇ ಇದೀನಿ. ಯಾಕೆ ಅಂತ ಲೆಕ್ಕ ಹಾಕಿದ್ರೆ ಬಾಡಿಗೆಗಿಂತ ಬೇರೇದೇ ಕಾರಣ ಸಿಗುತ್ತೆ.

ನನ್ನ ಫ್ರೆಂಡ್ ಒಬ್ಬ ಊರಾಚೆ ಇದೀನಿ ಅಂತಾನೆ, ಅವನ ಬಾಡಿಗೇನೂ ಹೆಚ್ಚುಕಮ್ಮಿ ಇಷ್ಟೇ, ಮನೆ ಮಾತ್ರ ನಂದಕ್ಕಿಂತ ಎರಡು ಪಟ್ಟು ದೊಡ್ಡದು. ಆದ್ರೆ ಅವನು ಕೊತ್ತಂಬರಿ ಸೊಪ್ಪಿಗೂ ಗಾಡಿ ತೆಗೀಬೇಕು. ಇಲ್ಲಿ ತರಕಾರಿ ಅಕ್ಕ ಇಪ್ಪತ್ತು ರೂಪಾಯಿಗೆ, ಸಾಂಬಾರಿಗೆ ಅಂದ್ರೆ ಸಾಕು, ಒಂದು ಮೂಲಂಗಿ, ನಾಲ್ಕು ಬೀನ್ಸು, ಅರ್ಧ ನುಗ್ಗೆಕಾಯಿ, ಒಂದು ಎಸಳು ಕರಿಬೇವು ಸೇರಿಸಿ ಕೊಡ್ತಾರೆ, ತಮಿಳಲ್ಲಿ ಎಣಿಸ್ತಾರೆ, ಚಿಲ್ಲರೆ ಇಲ್ಲ ಅಂತ ಕನ್ನಡದಲ್ಲಿ ಬೈತಾರೆ. ಎಣ್ಣೆ ನೂರು ಗ್ರಾಂ ಸಿಗುತ್ತೆ, ಪ್ಯಾಂಟಿನ ಜಿಪ್ ಹೋದ್ರೆ ಬರೀ ಜಿಪ್ ಹಾಕಿಕೊಡೋ ಟೈಲರ್ ಭಾಯ್ ಇದಾರೆ, ಮಿಕ್ಸಿ ಜಾರಿನ ಬ್ಲೇಡಿಗೆ ಸಾಣೆ ಹಿಡಿಯೋರು ಇದಾರೆ. ಕಮ್ಮಿ ಸಂಬಳದೋರು, ದಿನಗೂಲಿಯೋರು, ನನ್ನಂಥ ಬಿಲ್ಲಿಂಗ್ ಕ್ಲರ್ಕುಗಳು ಇಷ್ಟು ಜನ ಒಟ್ಟಿಗೆ ಇರೋದ್ರಿಂದ್ಲೇ ಚೂರುಪಾರು ಮಾರೋ ಅಂಗಡಿ ಉಳ್ಕೊಂಡಿರೋದು, ಆ ಅಂಗಡಿಗಳಿಂದ್ಲೇ ನಾವು ಉಳ್ಕೊಂಡಿರೋದು. 2025ರ ಫೆಬ್ರವರಿಲಿ ಮೆಟ್ರೋ ದರ ಏರಿಸಿದಾಗ, ಮ್ಯಾಕ್ಸಿಮಮ್ 60 ಇದ್ದಿದ್ದು 90 ಆಯ್ತಲ್ಲ, ಊರಾಚೆ ಫ್ರೆಂಡು ಒಂದು ವಾರ ಗೊಣಗಿದ. ನಾನು ಎಂಜಿ ರೋಡಿಗೆ ನಡ್ಕೊಂಡೇ ಹೋಗ್ತೀನಿ.

ಇಷ್ಟು ಥರದ ಜನ ಇಲ್ಲಿ ಸೇರಿದ್ದು ಹೆಂಗೆ ಅಂದ್ರೆ, 1809ರಲ್ಲಿ ಬ್ರಿಟಿಷರು ಶ್ರೀರಂಗಪಟ್ಟಣದ ಕಡೆಯಿಂದ ದಂಡು ತಂದು ಈ ಹಲಸೂರ ಸುತ್ತ ಕಂಟೋನ್ಮೆಂಟ್ ಕಟ್ಟಿದ್ರು. ದಂಡಿನ ಹಿಂದೆ ಮದ್ರಾಸ್ ಕಡೆಯಿಂದ ಸಿಪಾಯಿಗಳು, ಗುತ್ತಿಗೆದಾರರು, ಅಗಸರು, ಅಡುಗೆಯೋರು ಎಲ್ಲಾ ಬಂದ್ರು. ಸೇನೆಯ ಇಂಜಿನಿಯರ್ ಪಡೆ ಮದ್ರಾಸ್ ಸ್ಯಾಪರ್ಸ್‌ನೋರ ಎಂಇಜಿ ಸೆಂಟರ್ ಇವತ್ತಿಗೂ ಕೆರೆ ಪಕ್ಕಾನೇ ಇದೆ. ಅದಕ್ಕೂ ಮುಂಚೆ ಇದು ಹಳ್ಳಿ, ಹಲಸಿನ ತೋಪಿನ ಊರು, ಹೆಸರು ಬಂದಿದ್ದೇ ಅದರಿಂದ ಅಂತಾರೆ. ಈಗ ಹಲಸಿನ ಹಣ್ಣು ಬೇಕಂದ್ರೆ ಸೀಸನ್ನಲ್ಲಿ ತಳ್ಳುಗಾಡಿ ಬರೋ ತನಕ ಕಾಯ್ಬೇಕು.

ಊರಿಂದ ಯಾರಾದ್ರೂ ಬಂದ್ರೆ ನಾನು ದುಡ್ಡು ಖರ್ಚು ಮಾಡಲ್ಲ, ನಡೆಸ್ತೀನಿ. ಮೊದಲು ಸೋಮೇಶ್ವರ ದೇವಸ್ಥಾನ. ಕಲ್ಲಲ್ಲಿ ರಾವಣ ಕೈಲಾಸ ಎತ್ತೋದು ಕೆತ್ತಿದಾರೆ, ಅದನ್ನ ನೋಡದೆ ಸೀದಾ ಗರ್ಭಗುಡಿಗೆ ಓಡೋರೇ ಜಾಸ್ತಿ. ಅಲ್ಲಿ ಕಾರ್ ಸ್ಟ್ರೀಟ್ ಅಂತ ಒಂದು ಬೀದಿ ಇದೆ, ಹೊಸದ್ರಲ್ಲಿ ಕಾರು ನಿಲ್ಲಿಸೋ ಬೀದಿ ಅಂದ್ಕೊಂಡಿದ್ದೆ, ಆಮೇಲೆ ಗೊತ್ತಾಯ್ತು ಅದು ತೇರಿನ ಬೀದಿ ಅಂತ. ಆಮೇಲೆ ಕೆರೆ. ಕೆರೆ ದಡದ ಸಿಖ್ಖರ ಗುರುದ್ವಾರದಲ್ಲಿ ತಲೆಗೆ ಬಟ್ಟೆ ಕಟ್ಕೊಂಡು ಲಂಗರಿನಲ್ಲಿ, ಅಂದ್ರೆ ಅವರ ಅನ್ನದಾನದ ಪಂಕ್ತೀಲಿ, ಕೂತ್ರೆ ರೊಟ್ಟಿ ದಾಲ್ ಬಡಿಸ್ತಾರೆ, ನೀನ್ಯಾರು ಅಂತ ಯಾರೂ ಕೇಳಲ್ಲ, ನಮ್ಮ ಚಿಕ್ಕಪ್ಪ ಮೂರು ಸಲ ಹಾಕಿಸ್ಕೊಂಡ್ರು.

ಕೆರೆ ಹತ್ರಾನೇ ತಮಿಳು ಕವಿ ತಿರುವಳ್ಳುವರ್ ಪ್ರತಿಮೆ ಇದೆ. ಹದಿನೆಂಟು ವರ್ಷ ಮುಸುಕು ಹಾಕ್ಕೊಂಡು ನಿಂತಿತ್ತು ಪಾಪ, ಭಾಷೆ ಗಲಾಟೆಗೆ ಹೆದರಿ ಯಾರೂ ತೆಗೀಲಿಲ್ಲ. 2009ರ ಆಗಸ್ಟಲ್ಲಿ ತೆಗೆದ್ರು, ಅದೇ ವಾರ ಚೆನ್ನೈನ ಅಯನಾವರಂನಲ್ಲಿ ನಮ್ಮ ಸರ್ವಜ್ಞನ ಪ್ರತಿಮೆ ನಿಲ್ಲಿಸಿದ್ರು. ಪ್ರತಿಮೆಗೆ ಮುಸುಕು ಇದ್ದಷ್ಟು ವರ್ಷಾನೂ ಗಲ್ಲಿಲಿ ತಮಿಳ್ರ ಮನೆ ಪೊಂಗಲ್ಲು ನಮ್ಮೋರ ಮನೆಗೆ, ನಮ್ಮೋರ ಒಬ್ಬಟ್ಟು ಅವರ ಮನೆಗೆ ಹೋಗ್ತಾನೇ ಇತ್ತಂತೆ, ನಮ್ಮ ಓನರಮ್ಮ ಹೇಳ್ತಾರೆ.

ಎಲ್ಲಾ ಚೆನ್ನಾಗಿದೆ ಅಂದ್ರೆ ಸುಳ್ಳಾಗುತ್ತೆ. ಕಾವೇರಿ ನೀರು ದಿನ ಬಿಟ್ಟು ದಿನ, ಅದೂ ಬೆಳಗಿನ ಜಾವ, ಡ್ರಮ್ಮು ಬಿಂದಿಗೆ ಎಲ್ಲಾ ತುಂಬಿಸ್ಕೋಬೇಕು, ಒಂದು ದಿನ ನಿದ್ದೆ ಬಂತು ಅಂದ್ರೆ ಎರಡು ದಿನ ಸ್ನಾನಕ್ಕೆ ಪರದಾಟ. ಮಳೆ ಬಂದ್ರೆ ಮೋರಿ ಮೇಲಕ್ಕೆ ಬರುತ್ತೆ. ಕೆರೇಲೂ ಅಷ್ಟೇ, 2016ರ ಮಾರ್ಚಲ್ಲಿ ಸಾವಿರಾರು ಮೀನು ಸತ್ತು ತೇಲಿದ್ವು, ಆ ವಾಸನೆ ಇನ್ನೂ ಮರೆತಿಲ್ಲ. ಮನೇಲಿ ಬಿಸಿಲು ಬೀಳೋದು ದಿನಕ್ಕೆ ಅರ್ಧ ಗಂಟೆ, ಹಾಗಾಗಿ ಹಪ್ಪಳ ಒಣಗಿಸೋಕೆ ನಾನು, ಓನರಮ್ಮ, ಕೆಳಗಡೆ ಮನೆ ಜೈಬುನ್ನಮ್ಮ ಮೂರೂ ಜನ ತಾರಸಿಗೆ ಜಗಳ.

ಹೋದ ಬೇಸಿಗೇಲಿ ಓನರಮ್ಮ ಮೇಲೆ ಬಂದು ಬಾಗಿಲಲ್ಲೇ ನಿಂತ್ಕೊಂಡ್ರು. ಬಾಡಿಗೆ ವಿಷಯ ಅಂತ ಮುಖ ನೋಡಿದ್ರೇ ಗೊತ್ತಾಯ್ತು. ಅವತ್ತು ಪೂ ಪಲ್ಲಕ್ಕಿ, ಸುತ್ತಮುತ್ತಲಿನ ದೇವಸ್ಥಾನಗಳಿಂದ ಹೂವಿನ ಪಲ್ಲಕ್ಕಿಗಳು ಬೀದಿಗಿಳಿದು ರಾತ್ರಿಯೆಲ್ಲಾ ಸುತ್ತೋ ದಿನ, ಗಲ್ಲಿ ತುಂಬಾ ಮಲ್ಲಿಗೆ ಘಮ, ಯಾರೂ ಮಲಗಲ್ಲ.

"ಮುಂದಿನ ತಿಂಗಳಿಂದ ಐನೂರು ಜಾಸ್ತಿ ಮಾಡ್ಕೊಳಪ್ಪ" ಅಂದ್ರು.

ನಾನು ಹೂಂ ಅನ್ನೋಕೆ ಮುಂಚೇನೇ, "ಊಟ ನಮ್ಮನೇಲೇ ಇವತ್ತು, ಪಲ್ಲಕ್ಕಿ ಬರೋದು ಎರಡು ಗಂಟೆ ಆಗುತ್ತೆ, ನಮ್ಮ ಬಾಲ್ಕನಿಯಿಂದ ಚೆನ್ನಾಗಿ ಕಾಣ್ಸುತ್ತೆ, ಜೈಬುನ್ನಮ್ಮಂಗೂ ಹೇಳಿದೀನಿ, ಬರ್ತಾ ಒಂದು ಮಡಚೋ ಕುರ್ಚಿ ತಗೊಂಬಾ" ಅಂದು ಇಳಿದು ಹೋದ್ರು.