ಗಿಟಾರ್ ಗಂಡ ಕೊಟ್ಟದ್ದು, ಹಾಡು ಲೊರೆಟ್ಟಾ ಲಿನ್ ಬರೆದದ್ದು

ನಮಸ್ಕಾರ. ಅಮೆರಿಕದ ಹಳ್ಳಿಗಾಡಿನ ಕಂಟ್ರಿ ಸಂಗೀತದ ಗಾಯಕಿ ಲೊರೆಟ್ಟಾ ಲಿನ್ ಅವರ ಬಗ್ಗೆ ಮಾತನಾಡುವವರು ಸಾಮಾನ್ಯವಾಗಿ ಹದಿನೇಳು ಡಾಲರಿನ ಗಿಟಾರಿನಿಂದ ಮಾತು ಆರಂಭಿಸುತ್ತಾರೆ. 1953ರಲ್ಲಿ ಗಂಡ ಡೂಲಿಟಲ್ ಲಿನ್ ಒಂದು ಅಗ್ಗದ ಗಿಟಾರ್ ತಂದುಕೊಟ್ಟ, ಹೆಂಡತಿ ಯಾರ ಪಾಠವೂ ಇಲ್ಲದೆ ನುಡಿಸಲು ಕಲಿತಳು, ಏಳೆಂಟು ವರ್ಷಗಳಲ್ಲಿ ಆ ಸಂಗೀತದ ರಾಜಧಾನಿಯೆನಿಸಿದ ನ್ಯಾಶ್‌ವಿಲ್‌ನ ವೇದಿಕೆ ಏರಿದಳು. ಕಥೆ ಸುಳ್ಳಲ್ಲ. ಆದರೆ ಅದನ್ನು ಕೇಳಿದಾಗಲೆಲ್ಲ ನನಗೆ ಕಸಿವಿಸಿಯಾಗುತ್ತದೆ. ಆ ಚಿತ್ರದಲ್ಲಿ ಅವರ ಕೈಯಲ್ಲಿ ಗಿಟಾರ್ ಕಾಣುತ್ತದೆ, ಪೆನ್ಸಿಲ್ ಕಾಣುವುದಿಲ್ಲ. ಬಡತನ ಹಾಡಿಸಿತು, ಗಂಡ ಬೆಳೆಸಿದ, ಅದೃಷ್ಟ ಒಲಿಯಿತು ಎನ್ನುತ್ತೇವೆ. ಬರೆದವರು ಯಾರು ಎಂದು ಕೇಳುವುದನ್ನೇ ಮರೆಯುತ್ತೇವೆ. ಇಂದು ನಾನು ಮಾತನಾಡಬೇಕೆಂದಿರುವುದು ಆ ಪೆನ್ಸಿಲ್ ಬಗ್ಗೆ.

ಮೊದಲು ಊರು. ಅಮೆರಿಕದ ಕೆಂಟಕಿ ರಾಜ್ಯದ ಪೂರ್ವಭಾಗದಲ್ಲಿ, ಆಪಲೇಶಿಯನ್ ಬೆಟ್ಟಗಳ ನಡುವೆ ವ್ಯಾನ್ ಲಿಯರ್ ಎಂಬ, ಒಂದು ಕಾಲದ ಗಣಿ ಪಟ್ಟಣವಿದೆ. ಕಲ್ಲಿದ್ದಲು ಕಂಪನಿ ಕಟ್ಟಿದ ಪಟ್ಟಣ ಅದು. ಅದರ ಪಕ್ಕದ ಕಣಿವೆ ಬುಚರ್ ಹಾಲೊ. 1932ರ ಏಪ್ರಿಲ್ 14ರಂದು ಅಲ್ಲಿನ ಮರದ ಮನೆಯೊಂದರಲ್ಲಿ ಲೊರೆಟ್ಟಾ ವೆಬ್ ಹುಟ್ಟಿದರು. ಎಂಟು ಮಕ್ಕಳಲ್ಲಿ ಎರಡನೆಯವರು. ತಂದೆ ಟೆಡ್ ವೆಬ್ ಗಣಿಯಲ್ಲಿ ದುಡಿಯುತ್ತಿದ್ದರು, ಉಳಿದ ಹೊತ್ತಿನಲ್ಲಿ ಮನೆಯ ಊಟಕ್ಕಾಗುವಷ್ಟು ಬೆಳೆಯುತ್ತಿದ್ದರು. ತಾಯಿ ಕ್ಲಾರಾ ಮನೆಯ ಗೋಡೆಗೆ ಪತ್ರಿಕೆಗಳ ಹಾಳೆ ಅಂಟಿಸುತ್ತಿದ್ದರು. ಮಗಳ ಹೆಸರು ಬಂದದ್ದು ಲೊರೆಟ್ಟಾ ಯಂಗ್ ಎಂಬ ಸಿನಿಮಾ ತಾರೆಯಿಂದ.

1948ರ ಜನವರಿಯಲ್ಲಿ ಮದುವೆಯಾಯಿತು. ಹುಡುಗಿಗೆ ಹದಿನೈದು, ಗಂಡನಿಗೆ ಇಪ್ಪತ್ತೊಂದು. ಆಗ ವಯಸ್ಸು ಹದಿಮೂರಾಗಿತ್ತು ಎಂಬ ಮಾತು ಬಹಳ ಕಾಲ ಚಲಾವಣೆಯಲ್ಲಿತ್ತು. ದಾಖಲೆ ಹೇಳುವುದು ಹದಿನೈದು. ಎರಡು ವರ್ಷ ಹೆಚ್ಚಾದ ಮಾತ್ರಕ್ಕೆ ನನಗೆ ಸಮಾಧಾನವಾಗುವುದಿಲ್ಲ. ಹದಿನೈದರ ಹುಡುಗಿ ಹುಡುಗಿಯೇ. ಆ ವರ್ಷವೇ ಬಸುರಿಯಾಗಿ, ತವರಿನಿಂದ ಸಾವಿರಾರು ಮೈಲಿ ದೂರದ ವಾಷಿಂಗ್ಟನ್ ರಾಜ್ಯದ ಕಸ್ಟರ್ ಎಂಬ ಊರಿಗೆ ಹೋದರು. ಇಪ್ಪತ್ತರ ಆಸುಪಾಸಿಗೆ ನಾಲ್ಕು ಮಕ್ಕಳು. ಗಂಡ ಕುಡಿಯುತ್ತಿದ್ದ, ಬೇರೆ ಹೆಂಗಸರ ಹಿಂದೆಯೂ ಹೋಗುತ್ತಿದ್ದ. ಆದರೆ ಹೆಂಡತಿಯ ದನಿಯಲ್ಲಿ ಏನೋ ಇದೆ ಎಂದು ಮೊದಲು ಕಂಡುಕೊಂಡವನೂ ಅವನೇ, ಸಂಕೋಚಪಡುತ್ತಿದ್ದವಳನ್ನು ಜನರ ಮುಂದೆ ನಿಲ್ಲಿಸಿದವನೂ ಅವನೇ. ಇದರಲ್ಲಿ ಒಂದನ್ನು ಹೇಳಿ ಇನ್ನೊಂದನ್ನು ಬಿಡುವುದು ನ್ಯಾಯವಲ್ಲ. ಲೊರೆಟ್ಟಾ ಸ್ವತಃ ಎರಡನ್ನೂ ಹೇಳುತ್ತಿದ್ದರು.

1960ರಲ್ಲಿ ಜೀರೊ ಎಂಬ ಚಿಕ್ಕ ಕಂಪನಿ ಅವರ ಮೊದಲ ಧ್ವನಿಮುದ್ರಿಕೆಯನ್ನು ಹೊರತಂದಿತು. ಪ್ರಚಾರ ಮಾಡಲು ಯಾರೂ ಇರಲಿಲ್ಲ. ಗಂಡ ಹೆಂಡತಿ ಕಾರು ಹತ್ತಿ ಊರಿಂದೂರಿಗೆ ಹೋದರು. ಕಾರಿನಲ್ಲೇ ಮಲಗಿದರು, ದಾರಿಯಲ್ಲಿ ಸಿಕ್ಕ ರೇಡಿಯೊ ಕೇಂದ್ರದ ಬಾಗಿಲು ತಟ್ಟಿ, ದಯವಿಟ್ಟು ಇದನ್ನೊಮ್ಮೆ ಹಾಕಿ ಎಂದು ಕೇಳಿದರು. ಹಾಡು ಬಿಲ್‌ಬೋರ್ಡ್ ಪತ್ರಿಕೆಯ ಜನಪ್ರಿಯ ಕಂಟ್ರಿ ಹಾಡುಗಳ ಪಟ್ಟಿಯಲ್ಲಿ 14ನೆಯ ಸ್ಥಾನಕ್ಕೆ ಏರಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅವರು ನ್ಯಾಶ್‌ವಿಲ್‌ನ ಪ್ರಸಿದ್ಧ ಕಂಟ್ರಿ ಸಂಗೀತ ಕಾರ್ಯಕ್ರಮವಾದ ಗ್ರ್ಯಾಂಡ್ ಓಲ್ ಆಪ್ರಿಯ ವೇದಿಕೆಯಲ್ಲಿ ಹಾಡಿದರು. ಬಹಳಷ್ಟು ಜನ ಗಮನಿಸದ ಸಂಗತಿ ಒಂದಿದೆ: ಆ ಮೊದಲ ಹಾಡನ್ನು ಬರೆದವರು ಲೊರೆಟ್ಟಾ ಅವರೇ.

ಅದು ಎಷ್ಟು ದೊಡ್ಡ ಮಾತು ಎಂದು ತಿಳಿಯಬೇಕಾದರೆ ಆ ಕಾಲದ ನ್ಯಾಶ್‌ವಿಲ್‌ ಹೇಗಿತ್ತೆಂದು ನೋಡಬೇಕು. ಪಿಟೀಲು, ಸ್ಟೀಲ್ ಗಿಟಾರ್, ಮೂರು ನಾಲ್ಕು ಸ್ವರಮೇಳ, ಮೂಗಿನಲ್ಲಿ ತುಸು ಎಳೆದು ಹಾಡುವ ಬೆಟ್ಟದ ದನಿ: ಸಾಂಪ್ರದಾಯಿಕ ಕಂಟ್ರಿ ಎಂದರೆ ಇಷ್ಟು. ಹೆಂಗಸರು ಹಾಡುತ್ತಿದ್ದರು, ಆದರೆ ಬರೆಯುತ್ತಿದ್ದವರು ಹೆಚ್ಚಾಗಿ ಗಂಡಸರು. ಲೊರೆಟ್ಟಾ ಮೆಚ್ಚಿ ಅನುಕರಿಸಿದ ಗಾಯಕಿ ಕಿಟಿ ವೆಲ್ಸ್ 1952ರಲ್ಲಿ ಹೆಣ್ಣಿನ ಪರವಾಗಿ ವಾದಿಸುವ ಹಾಡೊಂದರಿಂದ ಮನೆಮಾತಾದರು. ಆ ವಾದವನ್ನು ಬರೆದವರೂ ಒಬ್ಬ ಗಂಡಸು. ಲೊರೆಟ್ಟಾ ಅವರಿಗೆ ಅಕ್ಕನಂತಿದ್ದು, 1963ರ ಮಾರ್ಚ್‌ನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ ಗಾಯಕಿ ಪ್ಯಾಟ್ಸಿ ಕ್ಲೈನ್ ಅವರ ಅತ್ಯಂತ ಪ್ರಸಿದ್ಧ ಹಾಡು ಗಾಯಕ ವಿಲ್ಲಿ ನೆಲ್ಸನ್ ಬರೆದದ್ದು. ಈ ಹಾಡುಗಳೆಲ್ಲ ಅದ್ಭುತವಾಗಿಯೇ ಇವೆ. ಆದರೂ ಹೆಣ್ಣಿನ ದುಃಖ ಗಂಡಸಿನ ಊಹೆಯಲ್ಲಿ ಸೋಸಿ ಬರುತ್ತಿತ್ತು ಎಂಬುದು ನಿಜ.

ಲೊರೆಟ್ಟಾ ಹೇಗೆ ಬರೆಯುತ್ತಿದ್ದರು? ಒಂದು ಸಂಜೆ ಕಾರ್ಯಕ್ರಮಕ್ಕೆ ಮುಂಚೆ ಒಬ್ಬ ಹೆಂಗಸು ಅವರ ಬಳಿ ಬಂದು ಅಳುತ್ತಾಳೆ. ಗಂಡ ಇನ್ನೊಬ್ಬಳನ್ನು ಕರೆದುಕೊಂಡು ಇದೇ ಕಾರ್ಯಕ್ರಮಕ್ಕೆ ಬಂದಿದ್ದಾನೆ. ಲೊರೆಟ್ಟಾ ಪರದೆಯ ಸಂದಿಯಿಂದ ಆ ಇನ್ನೊಬ್ಬಳನ್ನು ನೋಡುತ್ತಾರೆ. ನಿನ್ನ ಗಂಡನನ್ನು ಕಿತ್ತುಕೊಳ್ಳುವಷ್ಟು ಹೆಣ್ಣಲ್ಲ ಅವಳು ಎಂದು ಸಮಾಧಾನ ಹೇಳಿ, ಅಲ್ಲೇ ಕುಳಿತು ಆ ಮಾತನ್ನು ಹಾಡಾಗಿ ಬರೆದುಬಿಡುತ್ತಾರೆ. 1966ರಲ್ಲಿ ಅದು ಕಂಟ್ರಿ ಪಟ್ಟಿಯ ಎರಡನೆಯ ಸ್ಥಾನ ತಲುಪಿತು. ನನಗೆ ಈ ಪ್ರಸಂಗ ಇಷ್ಟವಾಗಲು ಕಾರಣ ಅದರ ವೇಗವಲ್ಲ. ಅಳುತ್ತಾ ಬಂದ ಹೆಂಗಸಿನ ದುಃಖವನ್ನು ಅವರು ದುಃಖವಾಗಿ ಬರೆಯಲಿಲ್ಲ, ಸವಾಲಾಗಿ ಬರೆದರು. ಇದು ಮುಗ್ಧತೆಯಲ್ಲ. ಯಾವ ಬಾಯಿಂದ, ಯಾರನ್ನು ನೋಡಿ, ಯಾವ ದನಿಯಲ್ಲಿ ಹಾಡು ನುಡಿಯಬೇಕು ಎಂಬ ಆಯ್ಕೆ ಅದು. ಮರುವರ್ಷ ಪಟ್ಟಿಯ ತುದಿಗೇರಿದ ಅವರ ಮೊದಲ ಹಾಡು, ಕುಡಿದು ಮನೆಗೆ ಬಂದು ಮೈಮೇಲೆ ಕೈಹಾಕುವ ಗಂಡನಿಗೆ ಕೊಟ್ಟ ಎಚ್ಚರಿಕೆ. ಅದನ್ನು ತಂಗಿ ಪೆಗ್ಗಿ ಸೂ ಜೊತೆ ಸೇರಿ ಬರೆದಿದ್ದರು. ಆ ಗಂಡ ಯಾರೆಂದು ಅಮೆರಿಕಕ್ಕೆಲ್ಲ ಗೊತ್ತಿತ್ತು.

‘ಕೋಲ್ ಮೈನರ್ಸ್ ಡಾಟರ್’ ಹಾಡನ್ನೇ ತೆಗೆದುಕೊಳ್ಳಿ. ಕಲ್ಲಿದ್ದಲು ಗಣಿ ಕಾರ್ಮಿಕನ ಮಗಳು ಎಂದು ಜಗತ್ತು ಅವರನ್ನು ಗುರುತಿಸುವುದೇ ಈ ಹಾಡಿನಿಂದ. 1969ರಲ್ಲಿ ಧ್ವನಿಮುದ್ರಣಗೊಂಡು, ಒಂದು ವರ್ಷ ಕಪಾಟಿನಲ್ಲಿ ಕಾದು, 1970ರಲ್ಲಿ ಬಿಡುಗಡೆಯಾಯಿತು. ಬರೆದಾಗ ಅದು ತೀರ ಉದ್ದವಿತ್ತು. ನಿರ್ಮಾಪಕ ಓವನ್ ಬ್ರಾಡ್ಲಿ ಹೇಳಿದ ಮೇಲೆ ಹಲವು ಚರಣಗಳನ್ನು ಕತ್ತರಿಸಿದರು. ಉಳಿದದ್ದರಲ್ಲಿ ಒಗೆಯುವ ಹಲಗೆಗೆ ಉಜ್ಜಿ ಉಜ್ಜಿ ರಕ್ತ ಒಸರುವ ತಾಯಿಯ ಬೆರಳುಗಳಿವೆ, ಚಳಿಗಾಲಕ್ಕೆ ಮಾತ್ರ ಸಿಗುವ ಚಪ್ಪಲಿಯಿದೆ, ಸೀಮೆಎಣ್ಣೆ ದೀಪದಲ್ಲಿ ಓದುವ ಬೈಬಲ್ ಇದೆ. ಅಯ್ಯೋ ಎಂಬ ಉದ್ಗಾರ ಎಲ್ಲೂ ಇಲ್ಲ. ಸಾಮಾನುಗಳ ಹೆಸರು ಹೇಳಿ ಸುಮ್ಮನಾಗುತ್ತಾರೆ. ತಂದೆ ಇದನ್ನು ಕೇಳಲಿಲ್ಲ, ಅವರು 1959ರಲ್ಲೇ ತೀರಿಕೊಂಡಿದ್ದರು. ಹಾಡು ಬಂದ ವರ್ಷದ ಡಿಸೆಂಬರ್ 30ರಂದು ಕೆಂಟಕಿಯ ಹೈಡನ್ ಬಳಿಯ ಗಣಿಯಲ್ಲಿ ಸ್ಫೋಟವಾಗಿ 38 ಮಂದಿ ಸತ್ತರು. ಅವರ ಕುಟುಂಬಗಳಿಗಾಗಿ ಲೊರೆಟ್ಟಾ ಲೂಯಿವಿಲ್‌ನಲ್ಲಿ ಸಹಾಯಾರ್ಥ ಕಾರ್ಯಕ್ರಮ ನಡೆಸಿದರು.

ಗರ್ಭನಿರೋಧಕ ಮಾತ್ರೆಯ ಬಗೆಗಿನ ಹಾಡಿನ ವಿಷಯ ನೀವು ಕೇಳಿರುತ್ತೀರಿ. ಅದನ್ನು ಬರೆದವರು ಮುಖ್ಯವಾಗಿ ಬೇರೆಯವರು, ಆದರೆ ಹಾಡುವ ಧೈರ್ಯ ಲೊರೆಟ್ಟಾ ಅವರದು. 1972ರಲ್ಲಿ ಮುದ್ರಿಸಿದ ಹಾಡನ್ನು ಕಂಪನಿ 1975ರವರೆಗೆ ಹೊರಬಿಡಲಿಲ್ಲ. ಬಿಟ್ಟ ಕೂಡಲೇ ಹಲವು ರೇಡಿಯೊ ಕೇಂದ್ರಗಳು ನಿಷೇಧಿಸಿದವು, ಪಾದ್ರಿಗಳು ಖಂಡಿಸಿದರು. ಆದರೂ ಕಂಟ್ರಿ ಪಟ್ಟಿಯಲ್ಲಿ ಐದನೆಯ ಸ್ಥಾನಕ್ಕೆ ಬಂತು. ಹಳ್ಳಿಗಾಡಿನ ವೈದ್ಯರು ತಮ್ಮ ಬಳಿ ಬಂದು, ನಮ್ಮ ಕರಪತ್ರಗಳಿಗಿಂತ ನಿಮ್ಮ ಹಾಡೇ ಹೆಚ್ಚು ಕೆಲಸ ಮಾಡಿತು ಎಂದರೆಂದು ಲೊರೆಟ್ಟಾ ನೆನೆಯುತ್ತಿದ್ದರು. ಅವರನ್ನು ಸ್ತ್ರೀವಾದಿ ಎಂದು ಕರೆಯಲು ನಾನು ಆತುರಪಡುವುದಿಲ್ಲ. ಅವರು ಆ ಹೆಸರನ್ನು ಬಯಸಿದವರಲ್ಲ. ಡೂಲಿಟಲ್ 1996ರಲ್ಲಿ ಸಾಯುವವರೆಗೂ, 48 ವರ್ಷ, ಅವರು ಅದೇ ಮದುವೆಯಲ್ಲಿ ಉಳಿದರು. ಅದನ್ನು ತ್ಯಾಗವೆಂದು ಹೊಗಳಲೂ ನನಗೆ ಮನಸ್ಸಿಲ್ಲ, ಸೋಲೆಂದು ಹಳಿಯಲೂ ಮನಸ್ಸಿಲ್ಲ.

ಎಲ್ಲರೂ ನಿಷೇಧದ ಬಗ್ಗೆ ಮಾತನಾಡುತ್ತಾರೆ. ಅವರ ಪೆನ್ಸಿಲ್ಲಿಗೆ ನಿಜವಾದ ಪೆಟ್ಟು ಬಿದ್ದದ್ದು ಬೇರೆ ಕಡೆ. ನ್ಯಾಶ್‌ವಿಲ್‌ಗೆ ಬಂದ ಹೊಸತರಲ್ಲಿ ಅವರನ್ನು ಕೈಹಿಡಿದು ನಡೆಸಿದವರು ಗಾಯಕರಾದ ವಿಲ್ಬರ್ನ್ ಸಹೋದರರು. ಡೆಕಾ ಎಂಬ ಧ್ವನಿಮುದ್ರಣ ಕಂಪನಿಗೆ ಪರಿಚಯಿಸಿದರು, ಟೆಲಿವಿಷನ್‌ನಲ್ಲಿ ಹಾಡಿಸಿದರು. ಜೊತೆಗೆ, ಬರೆಯುವ ಹಾಡುಗಳ ಪ್ರಕಾಶನ ಹಕ್ಕು ತಮ್ಮ ಸಂಸ್ಥೆಗೆ ಸೇರುವಂತೆ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡರು. 1970ರ ದಶಕದ ಆರಂಭದಲ್ಲಿ ಲೊರೆಟ್ಟಾ ಆ ಸಹೋದರರಿಂದ ಬೇರೆಯಾದರು. ಹಾಡುಗಳು ಬೇರೆಯಾಗಲಿಲ್ಲ. ಹಕ್ಕಿಗಾಗಿ ವರ್ಷಗಟ್ಟಲೆ ನ್ಯಾಯಾಲಯ ಅಲೆದರೂ ಅದು ಮರಳಿ ಸಿಗಲಿಲ್ಲ. ಬರೆದರೆ ಅದೂ ಆ ಸಹೋದರರ ಪಾಲಾಗುತ್ತದೆ ಎಂದು ಲೊರೆಟ್ಟಾ ಬರೆಯುವುದನ್ನೇ ನಿಲ್ಲಿಸಿದರು.

1972ರಲ್ಲಿ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್‌ನ ವರ್ಷದ ಕಲಾವಿದ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರು. ಗಾಯಕ ಕಾನ್ವೇ ಟ್ವಿಟ್ಟಿ ಜೊತೆಗಿನ ಯುಗಳಗೀತೆಗಳು ಸಾಲುಸಾಲಾಗಿ ಗೆದ್ದವು. 1976ರಲ್ಲಿ ಆತ್ಮಕಥೆ ಬಂತು, 1980ರಲ್ಲಿ ಅದು ಸಿನಿಮಾ ಆಯಿತು, ಅವರ ಪಾತ್ರ ಮಾಡಿದ ಸಿಸ್ಸಿ ಸ್ಪೇಸೆಕ್‌ಗೆ ಆಸ್ಕರ್ ಬಂತು. ಹೊರಗಿನಿಂದ ನೋಡಿದರೆ ಎಲ್ಲ ತುಂಬಿ ತುಳುಕುತ್ತಿತ್ತು. ಅದೇ ಕಾಲದಲ್ಲಿ, ಕಸುಬಿನ ತುತ್ತತುದಿಯಲ್ಲಿದ್ದ ಬರಹಗಾರ್ತಿ ಬೇರೆಯವರು ಬರೆದುಕೊಟ್ಟದ್ದನ್ನು ಹಾಡುತ್ತಿದ್ದರು. ಬರೆಯದೆ ಉಳಿದ ಹಾಡುಗಳನ್ನು ಯಾವ ಪಟ್ಟಿಯೂ ಎಣಿಸುವುದಿಲ್ಲ. ಈ ನಷ್ಟ ನನ್ನನ್ನು ಇನ್ನೂ ಕಾಡುತ್ತದೆ.

2004ರಲ್ಲಿ, 72ನೆಯ ವಯಸ್ಸಿನಲ್ಲಿ, ತಮಗಿಂತ ನಲವತ್ತಕ್ಕೂ ಹೆಚ್ಚು ವರ್ಷ ಚಿಕ್ಕವರಾದ ರಾಕ್ ಸಂಗೀತಗಾರ ಜ್ಯಾಕ್ ವೈಟ್ ಜೊತೆ ಕುಳಿತು ‘ವ್ಯಾನ್ ಲಿಯರ್ ರೋಸ್’ ಎಂಬ ಆಲ್ಬಂ ಮಾಡಿದರು. ಹದಿಮೂರು ಹಾಡುಗಳು. ಪ್ರತಿಯೊಂದರಲ್ಲೂ ಬರೆದವರ ಹೆಸರಿನ ಜಾಗದಲ್ಲಿ ಲೊರೆಟ್ಟಾ ಲಿನ್ ಎಂದಿದೆ.  ಮರುವರ್ಷ ಎರಡು ಗ್ರ್ಯಾಮಿ ಬಂದವು. 2022ರ ಅಕ್ಟೋಬರ್ 4ರಂದು, ತೊಂಬತ್ತನೆಯ ವಯಸ್ಸಿನಲ್ಲಿ, ಟೆನೆಸಿಯ ಹರಿಕೇನ್ ಮಿಲ್ಸ್‌ನ ತಮ್ಮ ಮನೆಯಲ್ಲಿ ತೀರಿಕೊಂಡರು.

ಆ ಆಲ್ಬಂ ಅನ್ನು ಮೊದಲ ಹಾಡಿನಿಂದಲೇ ಕೇಳಿ. ಅದು ಗಣಿಯಲ್ಲಿ ದುಡಿದ ತಂದೆಯ ಮೇಲಿನ ಹಾಡಲ್ಲ. ವ್ಯಾನ್ ಲಿಯರ್‌ನ ಗಣಿ ಕೆಲಸಗಾರರೆಲ್ಲ ಒಮ್ಮೆ ತಿರುಗಿ ನೋಡುತ್ತಿದ್ದ, ಎಲ್ಲರನ್ನೂ ಬಿಟ್ಟು ಒಬ್ಬ ಬಡವನನ್ನು ಆರಿಸಿಕೊಂಡ ಚೆಲುವೆಯ ಹಾಡು. ಒಗೆಯುವ ಹಲಗೆಯ ಮುಂದೆ ನಾವು ಕಂಡಿದ್ದ ಅದೇ ತಾಯಿ.