ಪಟ್ಟೆ ಹೇಂಟೆ, ಕರಿ ಹುಂಜ: ಕೋಳಿಮರಿ ಬಣ್ಣದ ಲೆಕ್ಕ

ಕೇಳುಗರಿಗೆಲ್ಲ ನಮಸ್ಕಾರ. ನಾಟಿ ಕೋಳಿ ಸಾಕಿರೋರ ಮನೇಲಿ ಒಂದು ಮಾತು ಬಂದೇ ಬರತ್ತೆ. ಹುಂಜಾನೂ ಕಪ್ಪು ಹೇಂಟೇನೂ ಕಪ್ಪು, ಕಾವಿಗೆ ಇಟ್ಟಿದ್ದು ಅದೇ ಹೇಂಟೆ ಮೊಟ್ಟೆ, 21 ದಿನಕ್ಕೆ ಮರಿ ಎದ್ದಾಗ ನೋಡಿದ್ರೆ ಅದ್ರಲ್ಲಿ ಎರಡು ಕಂದು, ಇದೆಲ್ಲಿಂದ ಬಂತು, ಪಕ್ಕದ ಮನೆ ಹುಂಜ ಬೇಲಿ ಹಾರಿತ್ತಾ ಅಂತ. ಹಾರಿರಲೂಬಹುದು, ಆದ್ರೆ ಹಾರದೇ ಇದ್ರೂ ಇಂಥ ಮರಿ ಬರತ್ತೆ, ಅದಕ್ಕೊಂದು ಲೆಕ್ಕ ಇದೆ, ಇವತ್ತು ಆ ಲೆಕ್ಕನೇ ಮಾತಾಡೋಣ.

ಸುಣ್ಣಕ್ಕೆ ನೀಲಿ ಕಲಸಿದ ಹಾಗೆ ಅಪ್ಪ ಅಮ್ಮನ ಬಣ್ಣ ಮರೀಲಿ ಬೆರೆತು ಹೋಗಲ್ಲ. ಒಂದೊಂದು ಗುಣಕ್ಕೂ ಮರಿ ಒಂದು ಪಾಲು ಅಪ್ಪನಿಂದ ಒಂದು ಪಾಲು ಅಮ್ಮನಿಂದ ತಗೊಳತ್ತೆ, ಎರಡೂ ಹಾಗೇ ಉಳ್ಕೊಂಡಿರತ್ತೆ. ಈ ಪಾಲಿಗೇ ಜೀನ್ ಅನ್ನೋದು. ಮೈಯೆಲ್ಲ ಕಪ್ಪು ಮಾಡೋ ಜೀನ್ ಬಲವಾದ್ದು, ಒಂದೇ ಪಾಲಿದ್ರೂ ಸಾಕು ಕೋಳಿ ಸುಮಾರಾಗಿ ಕಪ್ಪಾಗೇ ಕಾಣತ್ತೆ, ಒಳಗೆ ಕಂದು ಬಣ್ಣದ ಪಾಲು ಸುಮ್ನೆ ಕೂತಿರತ್ತೆ. ಹುಂಜದಲ್ಲೂ ಅಡಗಿದೆ ಹೇಂಟೇಲೂ ಅಡಗಿದೆ ಅಂದ್ರೆ, ಸರಾಸರಿ ನಾಲ್ಕು ಮರೀಲಿ ಒಂದಕ್ಕೆ ಎರಡೂ ಕಡೆಯಿಂದ ಕಂದೇ ಸಿಗತ್ತೆ. ಸರಾಸರಿ ಅಂದ್ರೆ ಸರಾಸರಿ ಅಷ್ಟೇ, ಒಂದೇ ಕಾವಿನ ಹತ್ತು ಮರೀಲಿ ಒಂದೂ ಬರದೇ ಇರಬಹುದು, ಐದು ಬರಲೂಬಹುದು. ಬಟಾಣಿ ಗಿಡದಲ್ಲಿ ಮೆಂಡೆಲ್ ಅನ್ನೋ ವಿಜ್ಞಾನಿ ಕಂಡ ಇದೇ ನಿಯಮ ಪ್ರಾಣಿಗಳಿಗೂ ನಡೆಯತ್ತೆ ಅಂತ ಇಂಗ್ಲೆಂಡಿನ ವಿಲಿಯಂ ಬೇಟ್ಸನ್ 1902ರಲ್ಲಿ ತೋರಿಸಿದ್ರಲ್ಲ, ಅದು ಕೋಳಿ ಮೇಲೇನೇ.

ಪುಕ್ಕದಲ್ಲಿರೋ ಬಣ್ಣದ ದ್ರವ್ಯ ಎರಡೇ, ಒಂದು ಕಪ್ಪು, ಇನ್ನೊಂದು ಕೆಂಪು-ಹೊಂಬಣ್ಣ. ಉಳಿದದ್ದೆಲ್ಲ ಇವೆರಡನ್ನ ತಿಳಿ ಮಾಡೋದು, ತಡೆಯೋದು, ಅಲ್ಲಲ್ಲಿ ಹಂಚೋದು. ಬಿಳಿ ಅನ್ನೋದು ಬಣ್ಣ ಇಲ್ಲದಿರೋದು, ಅದ್ರಲ್ಲೂ ಎರಡು ಥರ ಇದೆ. ಬಿಳಿ ಲೆಗ್‌ಹಾರ್ನ್‌ನ ಬಿಳಿ ಜೋರಿನದು, ಒಂದು ಪಾಲಿದ್ರೆ ಸಾಕು ಕಪ್ಪನ್ನ ಒತ್ತಿಬಿಡತ್ತೆ. ಇನ್ನೊಂದು ಥರ ಬಿಳಿ ಎರಡು ಪಾಲೂ ಸೇರಿದ್ರೆ ಮಾತ್ರ ಕಾಣತ್ತೆ. ಬಿಳಿ ಕೋಳಿ ಕೆಳಗೆ ಏನೇನು ಬಣ್ಣ ಅಡಗಿದೆ ಅಂತ ಹೊರಗಿಂದ ಹೇಳಕ್ಕಾಗಲ್ಲ, ಲೆಗ್‌ಹಾರ್ನ್ ಒಳಗೆ ಪಟ್ಟೆ ಜೀನ್ ಕೂಡ ಎಷ್ಟೋ ಸಲ ಇರತ್ತೆ. ಆದ್ರಿಂದ ಬಣ್ಣದ ಲೆಕ್ಕ ಕಲಿಯೋರು ಬಿಳಿ ಹುಂಜದಿಂದ ಶುರು ಮಾಡಬೇಡಿ ಅಂತೀನಿ.

ಬೂದಿ-ನೀಲಿ ಕೋಳಿ ಬಗ್ಗೆ ತುಂಬ ಜನಕ್ಕೆ ಬೇಜಾರಿದೆ. ಆಂಡಲೂಸಿಯನ್ ತಳೀಲಿ ಇರೋ ಈ ಬಣ್ಣ ಒಂದು ಪಾಲಿದ್ದಾಗ ಮಾತ್ರ ಬರೋದು, ನೀಲಿಗೆ ನೀಲಿ ಜೋಡಿ ಮಾಡಿದ್ರೆ ಕಾಲು ಭಾಗ ಕಪ್ಪು, ಅರ್ಧ ನೀಲಿ, ಇನ್ನು ಕಾಲು ಭಾಗ ಬಿಳಿಚಿಕೊಂಡ ಮೈಮೇಲೆ ಬೂದಿ ಕಲೆ ಇರೋವು. ಪೂರ್ತಿ ನೀಲಿ ಮರಿ ಬೇಕು ಅಂದ್ರೆ ಆ ಕಲೆ ಕೋಳಿನ ಮಾರಿಬಿಡದೆ ಕಪ್ಪು ಕೋಳಿಗೆ ಜೋಡಿ ಮಾಡಿ, ಮರಿ ಅಷ್ಟೂ ನೀಲಿ.

ಈಗ ನನಗೆ ತುಂಬ ಇಷ್ಟವಾದ ವಿಷಯಕ್ಕೆ ಬರ್ತೀನಿ. ಮನುಷ್ಯರಲ್ಲಿ ಗಂಡೋ ಹೆಣ್ಣೋ ಅನ್ನೋದು ಅಪ್ಪನ ಕಡೆಯಿಂದ ನಿರ್ಧಾರ ಆಗತ್ತೆ, ಕೋಳೀಲಿ ತಾಯಿ ಕಡೆಯಿಂದ. ಜೀನ್‌ಗಳನ್ನ ಹೊತ್ತಿರೋ ಎಳೆಗೆ ಕ್ರೋಮೋಸೋಮ್ ಅಂತಾರೆ. ಹುಂಜಕ್ಕೆ ಝಡ್ ಅನ್ನೋ ಕ್ರೋಮೋಸೋಮ್ ಎರಡು, ಹೇಂಟೆಗೆ ಒಂದೇ ಝಡ್, ಇನ್ನೊಂದು ಡಬ್ಲ್ಯೂ. ಹೇಂಟೆ ತನ್ನ ಝಡ್ ಕೊಟ್ರೆ ಮರಿ ಗಂಡು, ಡಬ್ಲ್ಯೂ ಕೊಟ್ರೆ ಹೆಣ್ಣು. ಅಂದ್ರೆ ಝಡ್ ಮೇಲಿರೋ ಯಾವ ಬಣ್ಣವಾದ್ರೂ ತಾಯಿಯಿಂದ ಗಂಡು ಮರಿಗಷ್ಟೇ ಹೋಗತ್ತೆ, ಹೆಣ್ಣು ಮರಿಗೆ ಅದು ಬರೋದು ಅಪ್ಪನಿಂದ ಮಾತ್ರ. ಕಪ್ಪು-ಬಿಳಿ ಅಡ್ಡ ಪಟ್ಟೆ ಬರ್ತದಲ್ಲ, ಪ್ಲಿಮತ್ ರಾಕ್ ಕೋಳಿಗಿರೋ ಥರದ್ದು, ಅದು ಝಡ್ ಮೇಲೇ ಕೂತಿದೆ. ಪುಕ್ಕ ಬೆಳೀತಾ ಇರುವಾಗ ಬಣ್ಣ ತುಂಬೋ ಜೀವಕೋಶ ಮಧ್ಯೆ ಮಧ್ಯೆ ಕೆಲಸ ನಿಲ್ಲಿಸಿ ಮತ್ತೆ ಶುರು ಮಾಡತ್ತೆ, ನಿಂತಾಗ ಬಿಳಿ ಗೆರೆ, ನಡೆದಾಗ ಕಪ್ಪು ಗೆರೆ. ಅಪ್ಪಟ ತಳೀಲಿ ಹುಂಜಕ್ಕೆ ಎರಡು ಪಾಲು ಇರೋದ್ರಿಂದ ಅದರ ಮೈ ತಿಳಿ, ಹೇಂಟೆಗೆ ಒಂದೇ ಪಾಲು, ಅದಕ್ಕೇ ಹೇಂಟೆ ಕಪ್ಪಾಗಿ ಕಾಣೋದು.

ಇದನ್ನ ಬಳಸ್ಕೊಳೋದು ಹೇಗೆ ಅಂದ್ರೆ, ಪಟ್ಟೆ ಹೇಂಟೆಗೆ ಪಟ್ಟೆ ಇಲ್ಲದ ಹುಂಜ ಬಿಡಿ, ಕರಿ ಆಸ್ಟ್ರಲಾರ್ಪ್ ಆಗಬಹುದು, ರೋಡ್ ಐಲೆಂಡ್ ರೆಡ್ ಆಗಬಹುದು, ನಮ್ಮ ಕರಿ ನಾಟಿ ಹುಂಜಾನೂ ಆಗಬಹುದು. ಮರಿ ಎಲ್ಲ ಕಪ್ಪು ತುಪ್ಪಳದಲ್ಲೇ ಏಳತ್ತೆ, ಆದ್ರೆ ತಾಯಿಯ ಪಟ್ಟೆ ಜೀನ್ ಗಂಡು ಮರಿಗಷ್ಟೇ ಹೋಗೋದ್ರಿಂದ ಗಂಡು ಮರಿ ನೆತ್ತಿ ಮೇಲೆ ಒಂದು ಬಿಳಿ ಚುಕ್ಕೆ ಇರತ್ತೆ, ಹೆಣ್ಣು ಮರಿ ನೆತ್ತಿ ಪೂರ್ತಿ ಕಪ್ಪು. ಮೊಟ್ಟೆಯಿಂದ ಬಂದ ದಿನವೇ ಯಾವುದು ಹುಂಜ ಯಾವುದು ಹೇಂಟೆ ಅಂತ ಗೊತ್ತಾಗತ್ತೆ, ಜುಟ್ಟು ಕೆಂಪಾಗೋವರೆಗೆ ಎರಡು ತಿಂಗಳು ಕಾಯೋದು ಬೇಕಿಲ್ಲ. ಆದ್ರೆ ತಿರುಗಿಸಿ ಜೋಡಿ ಮಾಡಿದ್ರೆ, ಅಂದ್ರೆ ಅಪ್ಪಟ ಪಟ್ಟೆ ಹುಂಜ, ಕರಿ ಹೇಂಟೆ ಅಂತ ಮಾಡಿದ್ರೆ, ಎಲ್ಲಾ ಮರಿಗೂ ಪಟ್ಟೆ ಬಂದು ಈ ಗುರುತು ಕೈತಪ್ಪತ್ತೆ. ಮರಿ ತುಪ್ಪಳ ಕಪ್ಪಾಗಿಲ್ಲದೆ ತಿಳಿಯಾಗಿದ್ರೂ ಚುಕ್ಕೆ ಸರಿಯಾಗಿ ಕಾಣಲ್ಲ.

ಮೊದಲನೇ ಮಹಾಯುದ್ಧದಲ್ಲಿ ಬ್ರಿಟನ್ನಲ್ಲಿ ಕಾಳಿಗೇ ತೊಂದರೆ ಇದ್ದಾಗ, ಮೊಟ್ಟೆ ಇಡದ ಗಂಡು ಮರಿಗೆ ಸುಮ್ನೆ ತಿನ್ನಿಸೋದು ಯಾಕೆ, ಬಣ್ಣ ನೋಡಿ ಮೊದಲ ದಿನವೇ ಬೇರೆ ಮಾಡಿ ಅಂತ ಹೇಳಿದ್ದು ರೆಜಿನಾಲ್ಡ್ ಪನೆಟ್ ಅನ್ನೋ ತಳಿವಿಜ್ಞಾನಿ. ಆಮೇಲೆ ಅವರೂ ಮೈಕಲ್ ಪೀಸ್ ಅನ್ನೋರೂ ಸೇರಿ 1929ರ ಹೊತ್ತಿಗೆ ಕೇಂಬ್ರಿಡ್ಜಲ್ಲಿ ಕ್ಯಾಂಬಾರ್ ಅನ್ನೋ ತಳಿನೇ ಮಾಡಿದ್ರು, ಅದ್ರಲ್ಲಿ ಪ್ರತಿ ಪೀಳಿಗೇಲೂ ಮರಿ ತುಪ್ಪಳ ನೋಡೇ ಗಂಡು ಹೆಣ್ಣು ಹೇಳಬಹುದು. ಇವತ್ತು ಕಂದು ಮೊಟ್ಟೆ ಇಡೋ ಎಷ್ಟೋ ಫಾರಂ ತಳಿಗಳಲ್ಲಿ ನಡೆಯೋದೂ ಇದೇ ಥರದ ಲೆಕ್ಕ, ಅಲ್ಲಿ ಪಟ್ಟೆ ಬದಲು ಹೊಂಬಣ್ಣ-ಬೆಳ್ಳಿಬಣ್ಣದ ಜೀನ್. ಅದೂ ಝಡ್ ಮೇಲಿನದೇ. ಹೊಂಬಣ್ಣದ ಹುಂಜಕ್ಕೆ ಬೆಳ್ಳಿಬಣ್ಣದ ಹೇಂಟೆ, ಹೆಣ್ಣು ಮರಿ ಕಂದು, ಗಂಡು ಮರಿ ತಿಳಿ ಹಳದಿ.

ಕಡಕ್‌ನಾಥ್ ವಿಷಯಾನೂ ಹೇಳ್ಬೇಕು, ಯಾಕಂದ್ರೆ ದುಡ್ಡು ಕಳ್ಕೊಳೋ ಜನ ಇದ್ದಾರೆ. ಮಧ್ಯಪ್ರದೇಶದ ಝಾಬುವಾದ ಕೋಳಿ ಅದು, 2018ರಲ್ಲಿ ಜಿಐ ಟ್ಯಾಗ್, ಅಂದ್ರೆ ಇದು ಆ ಊರಿನದೇ ಅನ್ನೋ ಸರ್ಕಾರಿ ಗುರುತು, ಸಿಕ್ಕಿದೆ. ಅದರ ಪುಕ್ಕದ ಕಪ್ಪೇ ಬೇರೆ, ಚರ್ಮ ಮಾಂಸದ ಕಪ್ಪೇ ಬೇರೆ ಜೀನು. ಪುಕ್ಕ ಕಪ್ಪಿದ್ದ ಮಾತ್ರಕ್ಕೆ ಕಡಕ್‌ನಾಥ್ ಅಲ್ಲ, ಜುಟ್ಟು, ನಾಲಿಗೆ, ಕಾಲು, ರೆಕ್ಕೆ ಸರಿಸಿದ್ರೆ ಕಾಣೋ ಚರ್ಮ ಎಲ್ಲ ನೋಡಿ ತಗೊಳ್ಳಿ. ಚರ್ಮದ ಕಪ್ಪನ್ನ ತಡೆಯೋ ಇನ್ನೊಂದು ಜೀನಿದೆ, ಅದೂ ಝಡ್ ಮೇಲೇ. ಹಾಗಾಗಿ ಅಪ್ಪಟ ಕಡಕ್‌ನಾಥ್ ಹುಂಜನ ಈ ತಡೆ ಜೀನ್ ಇರೋ ಬಿಳಿ ಕಾಲಿನ ಹೇಂಟೆಗೆ ಬಿಟ್ರೆ ಹೆಣ್ಣು ಮರಿ ಕರಿ ಚರ್ಮದ್ದು, ಗಂಡು ಮರಿ ಬಹುಪಾಲು ತಿಳಿ ಚರ್ಮದ್ದು ಬರತ್ತೆ, ಆ ಕರಿ ಹೆಣ್ಣು ಮರೀನ ಅಪ್ಪಟ ಅಂತ ಮಾರೋದು ತಪ್ಪು, ಅದು ಬೆರಕೆ.

ಹಳದಿ ಕಾಲಿನ ನಾಟಿ ಕೋಳಿ ನೋಡಿದಾಗ ನೆನಪಿಟ್ಕೊಳ್ಳಿ, ಆ ಹಳದಿ ಬಣ್ಣ, ಸಾಕುಕೋಳಿಗೆ ಮೂಲವಾದ ಕೆಂಪು ಕಾಡುಕೋಳಿಯಿಂದ ಬಂದಿದ್ದಲ್ಲ. ನಮ್ಮ ಪಶ್ಚಿಮಘಟ್ಟದಲ್ಲಿ, ಮಲೆನಾಡು ಕೊಡಗಲ್ಲಿ ಕೂಗೋ ಬೂದು ಕಾಡುಕೋಳಿ ಜಾತಿಯಿಂದ ಸಾಕುಕೋಳಿಗೆ ಸೇರಿದ್ದು ಅಂತ 2008ರಲ್ಲಿ ವಿಜ್ಞಾನಿಗಳು ಜೀನ್ ನೋಡಿ ತೋರಿಸಿದ್ರು. ಪ್ರಪಂಚದ ಎಷ್ಟೋ ಫಾರಂ ಕೋಳಿ ಕಾಲಲ್ಲಿ ಈ ದಕ್ಷಿಣ ಭಾರತದ ಕಾಡುಹಕ್ಕಿ ಪಾಲಿದೆ, ನನಗಂತೂ ಇದು ಹೆಮ್ಮೆ.

ಮಾಡಿ ನೋಡೋರಿಗೆ ಒಂದೆರಡು ಮಾತು. ಹೇಂಟೆ ಹೊಟ್ಟೇಲಿ ಹಳೇ ಹುಂಜದ ವೀರ್ಯ ಎರಡು ಮೂರು ವಾರ ಜೀವಂತ ಇರತ್ತೆ, ಆದ್ರಿಂದ ಬೇಡದ ಹುಂಜ ತೆಗೆದು ಮೂರು ವಾರ ಆದ್ಮೇಲಿನ ಮೊಟ್ಟೇನೇ ಕಾವಿಗಿಡಿ, ಇಲ್ಲಾಂದ್ರೆ ಲೆಕ್ಕ ಎಲ್ಲ ಉಲ್ಟಾ. ಮರಿಗೆ ಮೊದಲ ದಿನವೇ ಮೊಬೈಲಲ್ಲಿ ಫೋಟೋ ತೆಗೀರಿ, ಕಾಲಿಗೆ ಬಣ್ಣದ ರಿಂಗ್ ಹಾಕಿ, ಮರಿ ಬೆಳೀತಾ ಅದನ್ನ ಬದಲಾಯಿಸ್ತಾ ಇರಿ. ಬಣ್ಣ ಚೆನ್ನಾಗಿದೆ ಅಂತ ಅಣ್ಣ-ತಂಗಿ ಮರೀನೇ ಜೋಡಿ ಮಾಡ್ತಾ ಹೋದ್ರೆ ಮೊಟ್ಟೆ ಕಮ್ಮಿ ಆಗತ್ತೆ, ಮರಿ ಸಾಯತ್ತೆ, ಬೇರೆ ಊರಿಂದ ಹುಂಜ ತನ್ನಿ. ಕಾವು ಚೆನ್ನಾಗಿ ಕೂರೋ, ಮರಿ ಜೋಪಾನ ಮಾಡೋ ಹೇಂಟೆನ ಬಣ್ಣ ಸಾಲದು ಅಂತ ಯಾವತ್ತೂ ಮಾರಬೇಡಿ, ಬೇರೆ ಹೇಂಟೆಯ ಚೆಂದದ ಮೊಟ್ಟೇನ ಅದರ ಕೆಳಗೇ ಇಡಬಹುದು. ನಮಸ್ಕಾರ.